ತಾರೀಖಪ್ಪನ ಬೀಳ್ಕೊಡುಗೆ

ಯಂತ್ರವೊಂದು ನ್ಯಾಯಾಧೀಶನ ಕುರ್ಚಿಯಲ್ಲಿ ಕೂತರೆ ಏನಾದೀತು ಅಂತ ದೊಡ್ಡ ದೊಡ್ಡವರೆಲ್ಲ ತಲೆ ಕೆಡಿಸಿಕೊಂಡಿದ್ದರು. ಮನುಷ್ಯರನ್ನೇ ಆಳೀತು ಅಂದವರಿದ್ದರು. ಕರುಣೆಯಿಲ್ಲದೆ ಎಲ್ಲರನ್ನೂ ಊರು ಬಿಡಿಸೀತು ಅಂದವರೂ ಇದ್ದರು. ಗದಗಿನ ವಲಸೆ ನ್ಯಾಯಾಲಯದಲ್ಲಿ ಕೂತ ಯಂತ್ರ ಇದ್ಯಾವುದನ್ನೂ ಮಾಡಲಿಲ್ಲ. ಕೂತ ಮೊದಲ ದಿನವೇ, ಮಧ್ಯಾಹ್ನದ ಊಟಕ್ಕೆ ಮುಂಚೆ, ಬಾಕಿಯಿದ್ದ ನಲವತ್ತು ಸಾವಿರ ಪ್ರಕರಣಗಳಿಗೂ ಮುಂದಿನ ತಾರೀಖು ಕೊಟ್ಟು ಸುಮ್ಮನಾಯಿತು.

ಅದನ್ನು ಕಟ್ಟಿದವಳು ಇಂದುಮತಿ ಹೊಂಬಳ. ಮೂವತ್ತೆಂಟರ ಹೆಂಗಸು, ಕೆಲಸದಲ್ಲಿ ಗಟ್ಟಿ, ಮಾತಿನಲ್ಲಿ ಇನ್ನೂ ಗಟ್ಟಿ. ಆ ಮಧ್ಯಾಹ್ನ ಮಾತ್ರ ಯಂತ್ರದ ಕೋಣೆಯಲ್ಲಿ ಬಾಯಿ ತೆರೆದುಕೊಂಡು ನಿಂತುಬಿಟ್ಟಳು.

ಗದಗಿಗೆ ಇಂಥದ್ದೊಂದು ನ್ಯಾಯಾಲಯ ಹೇಗೆ ಬಂತು ಅಂತ ಕೇಳುತ್ತೀರಿ. ಕಡಲು ಏರಿತು. ಮಾಲ್ಡೀವ್ಸ್ ಪೂರ್ತಿ ಹೋಯಿತು, ಹಾಲೆಂಡ್ ಅರ್ಧ ಹೋಯಿತು, ಎತ್ತರದ ನೆಲ ಹುಡುಕಿಕೊಂಡು ಹೊರಟ ಜನಕ್ಕೆ ದಖ್ಖನ್ ಕಂಡಿತು. ಗದಗಿಗೆ ಹಡಗು ಬರುವುದಿಲ್ಲ. ಆದರೂ ಹಡಗು ಹತ್ತಿದವರೆಲ್ಲ ಕಡೆಗೆ ಬಂದು ಇಳಿದದ್ದು ಗದಗಿನಲ್ಲೇ, ಯಾಕಂದರೆ ಸರಕಾರಕ್ಕೆ ಅಲ್ಲೊಂದು ಖಾಲಿ ಹತ್ತಿ ಗೋದಾಮು ಸಿಕ್ಕಿತ್ತು. ಗೋದಾಮಿಗೆ ಬಣ್ಣ ಹೊಡೆದು, ಫಲಕ ಹಾಕಿ, ನ್ಯಾಯಾಲಯ ಅಂದರು. ಇಲ್ಲಿ ಇರುವುದಕ್ಕೆ ಒಪ್ಪಿಗೆ ಬೇಕಾದವರು ಅರ್ಜಿ ಹಾಕಬೇಕು, ನ್ಯಾಯಾಧೀಶರು ಹೂಂ ಅಥವಾ ಊಹೂಂ ಅನ್ನಬೇಕು. ಮೂವತ್ತು ವರ್ಷ ಅರ್ಜಿಗಳು ಬಂದವು. ಹೂಂ ಊಹೂಂ ಮಾತ್ರ ಅಪರೂಪಕ್ಕೊಮ್ಮೆ ಬಂದವು.

ಅದಕ್ಕೇ ಸುಧಾರಣೆ ಅಂತ ಯಂತ್ರ ತಂದದ್ದು. ಯಂತ್ರಕ್ಕೆ ನ್ಯಾಯ ಕಲಿಸುವುದು ಅಂದರೆ ಕೂರಿಸಿಕೊಂಡು ಕಾನೂನು ಪಾಠ ಹೇಳುವುದಲ್ಲ. ಹಳೆಯ ದಾಖಲೆಗಳನ್ನೆಲ್ಲ ಅದರ ಮುಂದೆ ಸುರಿಯಬೇಕು. ಇಂಥ ಅರ್ಜಿ ಬಂದಾಗ ನ್ಯಾಯಾಧೀಶರು ಏನು ಬರೆದರು ಅಂತ ನೋಡಿ ನೋಡಿ, ಮುಂದೆ ಬರುವ ಅರ್ಜಿಗೆ ಏನು ಬರೆಯಬೇಕೆಂದು ಅದು ತಾನೇ ಕಲಿಯುತ್ತದೆ. ಇಂದುಮತಿ ಮೂವತ್ತು ವರ್ಷದ ಆದೇಶಗಳನ್ನು ಒಂದೂ ಬಿಡದೆ ಸುರಿದಳು. ಅವುಗಳಲ್ಲಿ ಇದ್ದದ್ದಾದರೂ ಏನು? ವಕೀಲರು ಗೈರು, ಮುಂದಿನ ತಾರೀಖಿಗೆ. ಕಡತ ಸಿಕ್ಕಿಲ್ಲ, ಮುಂದಿನ ತಾರೀಖಿಗೆ. ದುಭಾಷಿ ತಂಗಿಯ ಮದುವೆಗೆ ಹೋಗಿದ್ದಾರೆ, ಮುಂದಿನ ತಾರೀಖಿಗೆ. ಕರೆಂಟಿಲ್ಲ, ಫ್ಯಾನಿಲ್ಲ, ಸಾಹೇಬರಿಗೆ ಮೈ ಹುಷಾರಿಲ್ಲ. ಯಂತ್ರ ಶ್ರದ್ಧೆಯಿಂದ ಕಲಿಯಿತು. ಈ ನ್ಯಾಯಾಲಯದ ಮುಖ್ಯ ಕೆಲಸ ತಾರೀಖು ಕೊಡುವುದು ಅಂತ ಅದಕ್ಕೆ ಮನದಟ್ಟಾಯಿತು.

ಪರೀಕ್ಷೆ ಮಾಡಲಿಲ್ಲವೇ ಅಂದರೆ, ಮಾಡಿದರು. ತಜ್ಞರ ಸಮಿತಿ ಬಂದು ಹಳೆಯ ಅರ್ಜಿಗಳನ್ನು ಅದರ ಮುಂದಿಟ್ಟಿತು. ನೂರಕ್ಕೆ ತೊಂಬತ್ತೇಳು ಸಲ ಯಂತ್ರ ನಿಜವಾದ ನ್ಯಾಯಾಧೀಶರು ಬರೆದದ್ದನ್ನೇ ಬರೆಯಿತು. ಸಮಿತಿಯವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಯಂತ್ರ ಏನು ಬರೆಯಿತು ಅಂತ ಒಬ್ಬರೂ ಓದಲಿಲ್ಲ. ಇಂದುಮತಿಯೂ ಓದಲಿಲ್ಲ, ಆ ತೊಂಬತ್ತೇಳರ ಖುಷಿಯಲ್ಲಿ ಪೇಢೆ ಹಂಚುತ್ತಿದ್ದಳು.

"ಈಗ ಇದನ್ನ ಬಿಚ್ಚಿ ಸರಿ ಮಾಡ್ತೀನಿ," ಅಂತ ಅವಳು ಸ್ಕ್ರೂ ಡ್ರೈವರ್ ತಗೊಂಡಳು.

ಶಿರಸ್ತೇದಾರ ಮಲ್ಲೇಶಪ್ಪ ಹುರಕಡ್ಲಿ ಅಡ್ಡ ಬಂದರು. ನ್ಯಾಯಾಲಯದ ಕಚೇರಿಯೆಲ್ಲ ನಡೆಯುವುದು ಅವರ ಮೇಲೆ. ದುಂಡು ಮುಖ, ನಿಧಾನದ ಮಾತು.

"ಕೈ ಹಚ್ಚಬ್ಯಾಡ್ರಿ ಮೇಡಂ. ಇವತ್ತ ಮುಂಜಾನೆ ಪ್ರಮಾಣವಚನ ಆಗೇತಿ. ಈಗ ಅವರು ನ್ಯಾಯಾಧೀಶರು. ನ್ಯಾಯಾಧೀಶರ ತಲಿಯೊಳಗ ಕೈ ಹಾಕಿದ್ರ ಜೇಲಿಗೆ ಹಾಕ್ತಾರ."

"ಅದು ಬರೀ ತಗಡಿನ ಬೀರು ರೀ ಹುರಕಡ್ಲಿಯವರೇ."

"ಬೀರು ನಿನ್ನೆ ಇತ್ತು. ಇವತ್ತ ಸಾಹೇಬ್ರು," ಅಂದರು ಹುರಕಡ್ಲಿ, ಮತ್ತು ಯಂತ್ರದ ಕಡೆ ತಿರುಗಿ ಸಣ್ಣಗೆ ಕೈ ಮುಗಿದರು.

ಅವರ ಮಾತು ಖರೆ ಇತ್ತು. ಯಂತ್ರದ ಮೇಲೆ ಯಾರೂ ಒತ್ತಡ ಹಾಕಬಾರದು ಅಂತ ಕಾನೂನು ಮಾಡುವಾಗ ಇಂದುಮತಿಯೇ ಹಟ ಹಿಡಿದು ಆ ಕಲಮು ಸೇರಿಸಿದ್ದಳು.

ಯಂತ್ರದ ಸರಕಾರಿ ಹೆಸರು ನ್ಯಾಯವೇಗ. ಊರ ಜನ ಒಂದೇ ವಾರದಲ್ಲಿ ಅದಕ್ಕೆ ತಾರೀಖಪ್ಪ ಅಂತ ಹೆಸರಿಟ್ಟರು. ಮೊದಲು ಗದ್ದಲವೋ ಗದ್ದಲ. ೨೪೦೦, ೨೬೮೮, ೨೯೧೩, ಹೀಗೆ ತಾರೀಖುಗಳು ಬಿದ್ದಿದ್ದವು. ಆಮೇಲೆ ಯಾರೋ ಒಬ್ಬ ವಕೀಲನ ತಲೆಗೆ ಹೊಳೆಯಿತು. ಪ್ರಕರಣ ಬಾಕಿ ಇರುವಷ್ಟು ದಿನ ಅರ್ಜಿದಾರನನ್ನು ಯಾರೂ ಹೊರಗೆ ಹಾಕುವಂತಿಲ್ಲ. ಇಲ್ಲೇ ಇರಬಹುದು, ದುಡಿಯಬಹುದು, ಮನೆ ಕಟ್ಟಬಹುದು. ಅಂದಮೇಲೆ ೨೯೧೩ರ ತಾರೀಖು ಅಂದರೆ ಸಾಯುವ ತನಕ ನಿಶ್ಚಿಂತೆ, ಸತ್ತಮೇಲೂ ಒಂದಷ್ಟು ಕಾಲ ನಿಶ್ಚಿಂತೆ.

ಅಲ್ಲಿಂದ ಗಾಳಿ ತಿರುಗಿತು. ತಾರೀಖು ದೂರವಾದಷ್ಟೂ ಮರ್ಯಾದೆ ಹೆಚ್ಚಾಯಿತು. ಬಸ್‌ಸ್ಟ್ಯಾಂಡಿನ ಎದುರು ಮಂಡಕ್ಕಿ ಗಿರಮಿಟ್ಟು ಮಾರುವ ಹೆಂಡ್ರಿಕ್ ಅಜ್ಜ ಹಾಲೆಂಡಿನವನು. ೨೯೧೩ ಬಂದದ್ದು ಅವನಿಗೇ. ಅವನು ಆ ಸಂಖ್ಯೆಯನ್ನೇ ಅಂಗಡಿಗೆ ಹೆಸರಾಗಿ ಬರೆಸಿದ. ಹೆಣ್ಣು ನೋಡಲು ಬಂದವರು ಹುಡುಗನ ಸಂಬಳ ಕೇಳುವುದು ಬಿಟ್ಟು "ಹುಡುಗಗ ಎಷ್ಟರ ತಾರೀಖ ಐತ್ರಿ?" ಅಂತ ಕೇಳತೊಡಗಿದರು. ಬೆಟಗೇರಿಯಲ್ಲಿ ನಿಶ್ಚಯವಾಗಿದ್ದ ಸಂಬಂಧವೊಂದು ಮುರಿದುಬಿತ್ತು, ಹುಡುಗನ ತಾರೀಖು ಬರೀ ೨೧೪೦ ಅಂತ. ಮಂತ್ರಿಗಳು ಬಂದು, ತಾರೀಖಿಲ್ಲದ ಒಂದು ಪ್ರಕರಣವೂ ಈಗ ಉಳಿದಿಲ್ಲ ಅಂತ ಭಾಷಣ ಮಾಡಿ ಹೋದರು. ಅದೂ ಸುಳ್ಳಲ್ಲ.

ಹೀಗೆ ಊರಿಗೆ ಊರೇ ಒಗ್ಗಿಕೊಂಡಿತು. ಒಗ್ಗದೆ ಉಳಿದವಳು ಇಂದುಮತಿಯ ಮನೆಯ ಮೇಲಿನ ಕೋಣೆಯಲ್ಲೇ ಇದ್ದಳು.

ಅವಳ ಹೆಸರು ಷಫೀಗಾ. ಮಾಲ್ಡೀವ್ಸಿನವಳು, ಬೆಟಗೇರಿಯ ಮಗ್ಗದಲ್ಲಿ ಸೀರೆ ನೇಯುತ್ತಾಳೆ. ಬಂದು ಒಂಬತ್ತು ವರ್ಷವಾಯಿತು. ಕನ್ನಡ ಕಲಿತದ್ದು ಇಂದುಮತಿಯ ಅತ್ತೆ ಚಂಪವ್ವನಿಂದ, ಹಾಗಾಗಿ ಬೈಗುಳ ಮೊದಲು ಬಂತು, ಉಳಿದದ್ದು ಆಮೇಲೆ. ದ್ವೀಪ ಬಿಡುವಾಗ ಷಫೀಗಾಳ ತಾಯಿ ಕಡೆಯ ದಿನದವರೆಗೂ ಹೊರಡಲು ಒಪ್ಪಲಿಲ್ಲ. ಒಪ್ಪಿದಾಗ ಬೇರೆ ಹಡಗು ಸಿಕ್ಕಿತು. ಆ ಹಡಗು ಆಕೆಯನ್ನು ಶ್ರೀಲಂಕಾದ ಬೆಟ್ಟದ ಮೇಲಿನ ಶಿಬಿರಕ್ಕೆ ಮುಟ್ಟಿಸಿತು. ಅಂದಿನಿಂದ ಅವ್ವ ಮಗಳು ಒಬ್ಬರನ್ನೊಬ್ಬರು ಕಂಡಿದ್ದು ಫೋನಿನಲ್ಲೇ.

ಒಂದು ಸಂಜೆ ಷಫೀಗಾ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಚಂಪವ್ವ ಬದನೆಕಾಯಿ ಹೆಚ್ಚುತ್ತಿದ್ದಳು. ಇಂದುಮತಿಯ ಗಂಡ ಕಪ್ಪತಗುಡ್ಡದ ಗಾಳಿಯಂತ್ರಗಳ ಕೆಲಸದವನು, ವಾರಕ್ಕೊಮ್ಮೆ ಕೆಳಗಿಳಿದು ಬರುವವನು, ಹಾಗಾಗಿ ಮನೆಯಲ್ಲಿ ಈ ಮೂವರೇ.

"ಅವ್ವನ ಕಣ್ಣು ಹೋಗಾಕ ಹತ್ಯಾವ ಅಕ್ಕಾ," ಅಂದಳು ಷಫೀಗಾ, ರೊಟ್ಟಿಯಿಂದ ಕಣ್ಣೆತ್ತದೆ. "ಹಿಂದಿನ ನರ ಒಣಗೇತಂತ. ವರ್ಷದೊಳಗ ಪೂರ್ತಿ ಕತ್ತಲಾಗ್ತೈತಿ ಅಂದಾರ ಡಾಕ್ಟರು. ನಿನ್ನೆ ಫೋನು ಮುಖಕ್ಕ ಹಚ್ಚಿಕೊಂಡು ನೋಡಿದಳು. ನಿನ್ನ ಮೂಗು ಕಾಣತೈತಿ, ಉಳಿದದ್ದು ಕಾಣವಲ್ದು ಅಂದಳು."

ಇಂದುಮತಿ ಹಿಟ್ಟಿನ ಡಬ್ಬಿ ಅವಳ ಹತ್ತಿರ ಸರಿಸಿದಳು. ಷಫೀಗಾ ಮುಂದುವರಿಸಿದಳು.

"ನನಗ ಹೂಂ ಅನ್ಲಿ, ಊಹೂಂ ಅನ್ಲಿ. ಹೂಂ ಅಂದ್ರ ಅವ್ವನ್ನ ಇಲ್ಲಿಗೆ ಕರಸ್ಕೋಬಹುದು. ಊಹೂಂ ಅಂದ್ರ ಆ ಕಾಗದ ತೋರಿಸಿ ಶಿಬಿರದೊಳಗ ಹೋಗಬಹುದು. ಎರಡೂ ಇಲ್ಲ ಅಂದ್ರ ಗಡಿ ದಾಟುವಂಗಿಲ್ಲ, ಕರಸುವಂಗೂ ಇಲ್ಲ. ನಂದು ೨೬೮೮, ಅಕ್ಕಾ. ಎಲ್ಲಾರೂ ಭಾಳ ಛಲೋ ತಾರೀಖು ಅಂತಾರ."

"ಊಹೂಂ ಅಂದ್ರ ನೀ ಹೋಗ್ತಿ?" ಚಂಪವ್ವ ಈಳಿಗೆ ಪಕ್ಕಕ್ಕೆ ಸರಿಸಿದಳು. "ಹೋಗು, ಹೋಗು. ನಾಳಿಂದ ರೊಟ್ಟಿ ಬಡಿಯಾಕ ಆ ಹುರಕಡ್ಲಿ ಬರ್ತಾನೇನು ನೋಡ್ತೀನಿ." ಹೀಗೆ ಅಂದವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಸೊಸೆಯ ಕಡೆ ತಿರುಗಿದಳು. "ನೀನ ಮಾಡಿಟ್ಟ ಬೀರು ಅಲ್ಲೇನು ಅದು? ನೀನ ಸರಿ ಮಾಡು."

ಇಂದುಮತಿಗೆ ನಾಚಿಕೆಯಾಯಿತು. ಅಳುವೂ ಬಂತು. ಕೂತು ಎರಡು ರೊಟ್ಟಿ ತಿಂದಳು.

ಮರುದಿನದಿಂದ ಅವಳು ಯಂತ್ರದ ಕೋಣೆಯಲ್ಲೇ ಬೀಡುಬಿಟ್ಟಳು. ಮುಟ್ಟುವಂತಿಲ್ಲ, ಆದರೆ ಅದು ಕಲಿತ ದಾಖಲೆಗಳನ್ನು ಓದಬಹುದಲ್ಲ. ಅಪರೂಪಕ್ಕೊಮ್ಮೆಯಾದರೂ ಆ ಹಳೆಯ ನ್ಯಾಯಾಧೀಶರು ತೀರ್ಪು ಕೊಟ್ಟಿದ್ದರು. ಯಾವಾಗ ಕೊಟ್ಟರು? ಯಾಕೆ ಕೊಟ್ಟರು? ಒಳ್ಳೆಯ ವಕೀಲರಿದ್ದಾಗಲೋ ಅಂತ ನೋಡಿದಳು, ಅಲ್ಲ. ಅರ್ಜಿ ಚೊಕ್ಕಟವಾಗಿದ್ದಾಗಲೋ, ಅದೂ ಅಲ್ಲ. ಹವೆ ತಂಪಾಗಿದ್ದಾಗಲೋ ಅಂತಲೂ ನೋಡಿದಳು. ಕಡೆಗೆ ತೀರ್ಪುಗಳನ್ನೆಲ್ಲ ಕ್ಯಾಲೆಂಡರಿನ ಮೇಲೆ ಹರಡಿದಾಗ ನಗು ಬಂತು. ವರ್ಷಗಟ್ಟಲೆ ಖಾಲಿ, ಆಮೇಲೆ ಒಮ್ಮೆಲೇ ಒಂದು ಗುಂಪು, ಮತ್ತೆ ಖಾಲಿ. ಆ ಗುಂಪುಗಳು ಬಿದ್ದದ್ದೆಲ್ಲ ಒಬ್ಬ ನ್ಯಾಯಾಧೀಶರು ವರ್ಗವಾಗಿ ಹೋಗುವ ಮುಂಚಿನ ದಿನಗಳಲ್ಲಿ.

ಹುರಕಡ್ಲಿಯವರನ್ನು ಕರೆದು ತೋರಿಸಿದಳು.

"ಇದರಾಗ ಹೊಸದೇನೈತ್ರಿ?" ಅಂದರು ಅವರು. "ಹೋಗೋ ಮುಂದ ಮೇಜು ಖಾಲಿ ಮಾಡಿ ಹೋಗೋದು ಸಾಹೇಬರ ಪದ್ಧತಿ. ಮುಂದ ಬರೋರ ಕಡೆಯಿಂದ ಬೈಸ್ಕೋಬಾರ್ದಂತ. ಹುಬ್ಬಳ್ಳಿಯ ಸಾಹೇಬ್ರೊಬ್ಬರು ಒಂದ ಮಧ್ಯಾಹ್ನ ಅರವತ್ತು ತೀರ್ಪು ಬರೆದು ಪೆನ್ನು ಒಗದು ಹೋದರು."

"ಹಂಗಾದ್ರ ನಮ್ಮ ಸಾಹೇಬರನ್ನೂ ವರ್ಗ ಮಾಡಿಸೋಣ."

ಹುರಕಡ್ಲಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ತಲೆಯೊಳಗೆ ಕೈ ಹಾಕುವುದು ಅಪರಾಧ. ವರ್ಗಾವಣೆ ಆಡಳಿತದ ವಿಷಯ, ಅದರಲ್ಲಿ ತಪ್ಪಿಲ್ಲ. ಮೇಲಿನವರಿಗೆ ಬರೆದರು. ಮೇಲಿನವರು ಉಳಿದ ಕಾಗದಗಳಿಗೆ ವರ್ಷ ತಗೊಳ್ಳುವವರು, ವರ್ಗಾವಣೆ ಅಂದಕೂಡಲೇ ಅದೇ ವಾರ ಸಹಿ ಹಾಕಿದರು. ನ್ಯಾಯವೇಗ ಅವರನ್ನು ಸಿಂಧನೂರಿನ ಮೇಲ್ಮನವಿ ಪೀಠಕ್ಕೆ ವರ್ಗಾಯಿಸಲಾಗಿದೆ.

ಆದೇಶವನ್ನು ಯಂತ್ರದ ಮುಂದಿಟ್ಟರು. ಕೆಂಪು ದೀಪ ಮಿಣುಕಿತು. ಯಂತ್ರ ಒಂದು ಕಾಗದ ಹೊರಗೆ ಹಾಕಿತು. ಹುರಕಡ್ಲಿ ಅದನ್ನು ಗಟ್ಟಿಯಾಗಿ ಓದಿದರು: "ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಇದೇ ಸ್ಥಳದಲ್ಲಿ ಮುಂದುವರಿಸಬೇಕಾಗಿ ವಿನಂತಿ."

ಇಂದುಮತಿ ಕುರ್ಚಿ ಹುಡುಕಿಕೊಂಡು ಕೂತಳು.

"ಎಲ್ಲಾ ಸಾಹೇಬ್ರೂ ಹಿಂಗ ಬರೀತಾರ ರೀ," ಅಂದರು ಹುರಕಡ್ಲಿ, ಸಮಾಧಾನ ಹೇಳುವವರ ಹಾಗೆ. "ಮೂರರಾಗ ಎರಡು ವರ್ಗಾವಣೆ ಹಿಂಗ ರದ್ದಾಗ್ತಾವ. ಸಾಹೇಬ್ರು ಅದನ್ನೂ ಕಲ್ತಾರ."

ಸರಿ, ಹಾಗಾದರೆ ಖಾತ್ರಿ ಆಗುವುದು ಯಾವಾಗ? ಇಂದುಮತಿ ಮತ್ತೆ ದಾಖಲೆಗೆ ಕೂತಳು. ಆದೇಶ ಬಂದ ದಿನ ಯಾವ ನ್ಯಾಯಾಧೀಶರೂ ಒಂದಕ್ಷರ ಬರೆದಿರಲಿಲ್ಲ. ಬರೆಯಲು ಶುರುಮಾಡಿದ್ದು ಬೀಳ್ಕೊಡುಗೆ ಸಮಾರಂಭದ ದಿನ. ಉಪ್ಪಿಟ್ಟು ಶಿರಾಕ್ಕೆ ಹೇಳಿ, ಶಾಲು ತಂದು, ಗ್ರೂಪ್ ಫೋಟೋ ತೆಗೆಸಿಕೊಂಡ ಮೇಲೆ ಯಾರ ವರ್ಗಾವಣೆಯೂ ರದ್ದಾಗುವುದಿಲ್ಲ. ಫೋಟೋ ಆದಕೂಡಲೇ ಸಾಹೇಬರು ಬರೆಯಲು ಹಿಡಿಯುತ್ತಾರೆ, ಭಾಷಣ ನಡೆದಿರುವಾಗ ಮೇಜಿನ ಕೆಳಗೂ ಸಹಿ ಹಾಕುತ್ತಾರೆ, ಸಮಾರಂಭ ಮುಗಿದಕೂಡಲೇ ಅಧಿಕಾರ ಬಿಟ್ಟು ಎದ್ದು ಹೋಗುತ್ತಾರೆ.

"ಒಂದು ತೊಡಕೈತಿ," ಅಂದಳು ಇಂದುಮತಿ. "ತಾರೀಖು ಕೊಡಾಕ ಫೈಲು ಓದಬೇಕಾಗಿಲ್ಲ, ತೀರ್ಪು ಕೊಡಾಕ ಓದಬೇಕು. ನಲವತ್ತು ಸಾವಿರ ಫೈಲು ಓದಾಕ ಇದಕ್ಕೂ ಒಂದಿಡೀ ಹಗಲು ಹಿಡೀತೈತಿ. ಅಷ್ಟೊತ್ತು ಸಮಾರಂಭ ಮುಗೀಬಾರ್ದು. ವಂದನಾರ್ಪಣೆ ಆಗಬಾರ್ದು. ಮೈಕು ಸುಮ್ಮನಾದ್ರೂ ಮುಗೀತು ಅಂತ ತಿಳ್ಕೊಂಡು ಹೋಗಿಬಿಡ್ತೈತಿ. ಅಷ್ಟೊತ್ತು ಮಾತಾಡೋರು ಯಾರು?"

ಹುರಕಡ್ಲಿಯವರು ಕೋಟಿನ ಗುಂಡಿ ಹಾಕಿಕೊಂಡರು. ಅವರ ಮುಖದ ಮೇಲೆ ಅಂಥ ಬೆಳಕನ್ನು ಇಂದುಮತಿ ಹಿಂದೆಂದೂ ಕಂಡಿರಲಿಲ್ಲ. ಮೂವತ್ತು ವರ್ಷ ಅವರು ಮೈಕು ಹಿಡಿದಾಗಲೆಲ್ಲ ಯಾರಾದರೂ ಬಂದು ಚೀಟಿ ಕೊಡುತ್ತಿದ್ದರು, ಬೇಗ ಮುಗಿಸಿ ಅಂತ.

"ಯಾರೂ ಚೀಟಿ ಕೊಡಂಗಿಲ್ಲಲ್ರಿ?" ಅಂತ ಕೇಳಿದರು.

ಸಮಾರಂಭದ ದಿನ ಗೋದಾಮು ತುಂಬಿ, ಅಂಗಳ ತುಂಬಿ, ಜನ ಹೊರಗೆ ರಸ್ತೆಯ ಮೇಲೂ ನಿಂತರು. ತಾರೀಖಪ್ಪನಿಗೆ ಪೇಟ ತೊಡಿಸಿದರು. ಶಾಲು ಹೊದಿಸಿದರೆ ಗಾಳಿಕಿಂಡಿ ಮುಚ್ಚಿ ಬಿಸಿಯಾಗುತ್ತದೆ ಅಂತ ಇಂದುಮತಿ ಬಿಡಲಿಲ್ಲ. ಅದು ಮರ್ಯಾದೆಗೆ ಕಡಿಮೆ ಅಂತ ಹುರಕಡ್ಲಿ ವಾದ ಹೂಡಿದರು. ಕಡೆಗೆ ಶಾಲನ್ನು ಮಡಚಿ ಅದರ ಪಕ್ಕ ಇಟ್ಟರು, ಅದರ ಮೇಲೆ ಹಣ್ಣಿನ ಬುಟ್ಟಿ. ಎಲ್ಲರೂ ಸುತ್ತ ನಿಂತು ಫೋಟೋ ತೆಗೆಸಿಕೊಂಡರು. ಹತ್ತು ವರ್ಷದಿಂದ ವಂದನಾರ್ಪಣೆ ಮಾಡುತ್ತ ಬಂದ ಜವಾನ ಫಕೀರಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು, ಕೈಯಲ್ಲಿ ಚೀಟಿ ಹಿಡಿದು ತಯಾರಾಗಿ ಬಂದಿದ್ದ. ಅವನನ್ನು ಕಡೆಯ ಸಾಲಿನಲ್ಲಿ ಚಂಪವ್ವನ ಪಕ್ಕ ಕೂರಿಸಿದರು. ಅವನು ಎದ್ದರೆ ಕೂರಿಸುವುದು ಅವಳ ಕೆಲಸ.

ಫೋಟೋ ಆದ ಗಳಿಗೆ, ಯಂತ್ರದ ಆದೇಶ ತೋರಿಸಲು ಗೋಡೆಗೆ ಹಾಕಿದ್ದ ಫಲಕದಲ್ಲಿ ಮೊದಲ ಸಾಲು ಮೂಡಿತು. ದಾಖಲೆ ಪರಿಶೀಲಿಸಲಾಯಿತು. ಅರ್ಜಿ ಮಂಜೂರು. ಅದರ ಕೆಳಗೆ ಇನ್ನೊಂದು. ಮತ್ತೊಂದು. ಜನಕ್ಕೆ ನಂಬಿಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎದ್ದ ಗದ್ದಲದಲ್ಲಿ ಹುರಕಡ್ಲಿಯವರ ಭಾಷಣದ ಮೊದಲ ಭಾಗ ಯಾರಿಗೂ ಕೇಳಿಸಲಿಲ್ಲ. ಅದರಿಂದ ನಷ್ಟವೇನೂ ಆಗಲಿಲ್ಲ, ಆ ಭಾಗದಲ್ಲಿ ಹತ್ತಿ ಗೋದಾಮು ಕಟ್ಟಿದ ಸಂಗತಿ ಇತ್ತು.

ಹುರಕಡ್ಲಿ ಅವತ್ತು ಮಾತಾಡಿದ್ದನ್ನು ಊರು ಇವತ್ತಿಗೂ ನೆನೆಯುತ್ತದೆ. "ಸಾಹೇಬ್ರು ಯಾರ ಮ್ಯಾಲೂ ಒಂದಿನ ಧ್ವನಿ ಏರಿಸಿದವರಲ್ಲ," ಅಂದರು. "ಒಂದಿನ ರಜಾ ಹಾಕಿದವರಲ್ಲ. ಚಹಾ ಕೇಳಿದವರಲ್ಲ." ಮಧ್ಯಾಹ್ನದವರೆಗೆ ಅವರು ಯಂತ್ರದ ಬಾಲ್ಯಕ್ಕೂ ಬಂದಿರಲಿಲ್ಲ. ಉಪ್ಪಿಟ್ಟು ಹಂಚುವಾಗಲೂ ಮೈಕು ಬಿಡಲಿಲ್ಲ. ಊಹೂಂ ಬಂದವರು ಮುಖ ಸಣ್ಣದು ಮಾಡಿಕೊಂಡು ಎದ್ದರೆ ಭಾಷಣದ ನಡುವೆಯೇ ಸಮಾಧಾನ ಹೇಳಿದರು: "ಮೇಲ್ಮನವಿ ಹಾಕ್ರಿ, ಸಿಂಧನೂರಿಗೆ. ಅಲ್ಲೂ ಹೋಗಿ ಕೂಡೋರು ಈ ಸಾಹೇಬ್ರು. ಮತ್ತ ತಾರೀಖು ಕೊಡ್ತಾರ. ಆರಾಮ ಇರ್ರಿ." ಅದನ್ನು ಕೇಳಿದವರು ಕಣ್ಣೊರೆಸಿಕೊಂಡು ಶಿರಾ ತಗೊಳ್ಳಲು ಹೋದರು.

ಹೊತ್ತು ಇಳಿಯಿತು. ಹುರಕಡ್ಲಿಯವರ ಗಂಟಲು ಹೋಯಿತು. ಬಾಯಿ ಆಡುತ್ತಿತ್ತು, ದನಿ ಬರಲಿಲ್ಲ. ಹೆಂಡ್ರಿಕ್ ಅಜ್ಜ ಓಡಿ ಬಂದು ಮೈಕು ತಗೊಂಡ. ಅವನು ತನ್ನ ದೇಶದ ಒಡ್ಡುಗಳನ್ನು ಹೇಗೆ ಕಟ್ಟಿದ್ದರು ಅಂತ ಹೇಳಿದ. ಒಂದೊಂದು ಒಡ್ಡನ್ನೂ ಬಿಡದೆ ಹೇಳಿದ. ಆಮೇಲೆ ವಕೀಲರು ಬಂದರು. ಆದರೆ ವಕೀಲರಿಗೆ ಸಮಯ ಕೇಳಿ ಅಭ್ಯಾಸವೇ ಹೊರತು ತುಂಬಿಸಿ ಅಭ್ಯಾಸವಿಲ್ಲ, ಬೇಗ ಬರಿದಾದರು. ಇಂದುಮತಿ ಫಲಕ ನೋಡುತ್ತಿದ್ದಳು. ಷಫೀಗಾಳದ್ದು ಸರದಿಯ ಕಡೆಯಲ್ಲಿ. ಇನ್ನೂ ಸಾವಿರ ಚಿಲ್ಲರೆ ಬಾಕಿ.

ಯಾರೂ ಉಳಿದಿರಲಿಲ್ಲ. ಇಂದುಮತಿಯೇ ಮೈಕು ತಗೊಂಡಳು. ಯಂತ್ರ ಕಟ್ಟಿದವಳಿಗೆ ಯಂತ್ರದ ಬಗ್ಗೆ ಹೇಳಲು ಏನೂ ಹೊಳೆಯಲಿಲ್ಲ. "ಇದು ಭಾಳ ಒಳ್ಳೇದು," ಅಂದಳು. "ನಾನು ಕಲಿಸಿದ್ದನ್ನೆಲ್ಲ ಕಲೀತು. ಬ್ಯಾಡಾದದ್ದನ್ನೂ ಕಲೀತು." ಅಲ್ಲಿಗೆ ಅವಳ ಭಾಷಣ ಮುಗಿಯಿತು. ಷಫೀಗಾ ವೇದಿಕೆಯ ಮೆಟ್ಟಿಲು ಹತ್ತಿ ಬಂದು ಅವಳ ಕೈಯಿಂದ ಮೈಕು ಇಸಿದುಕೊಂಡಳು.

"ಸಾಹೇಬ್ರ," ಅಂದಳು ಷಫೀಗಾ, ಯಂತ್ರದ ಕೆಂಪು ದೀಪದ ಕಡೆ ನೋಡಿ. "ನಾ ಷಫೀಗಾ. ನಮ್ಮ ಊರು ನೀರಿನ ಕೆಳಗ ಐತಿ. ನಮ್ಮ ಮನಿ ಬಾಗಿಲಾ ಹಸರು ಬಣ್ಣದ್ದು. ನಮ್ಮವ್ವ ಮೀನು ಕುದಿಸಿ ಒಣಗಿಸಾಕಿ. ನಾ ಸಣ್ಣಾಕಿ ಇದ್ದಾಗ ಬೆಕ್ಕು ಓಡಿಸೋದು ನನ್ನ ಕೆಲಸ. ಓಡಿಸದ ಮಲಗಿಬಿಡ್ತಿದ್ದೆ. ನಮ್ಮವ್ವ ಬೈತಿರಲಿಲ್ಲ." ಅವಳು ನಿಲ್ಲಿಸಲಿಲ್ಲ. ತಾಯಿಯ ಅಡಿಗೆ ಹೇಳಿದಳು, ತಾಯಿ ಹೇಗೆ ನಗುತ್ತಾಳೆ ಅಂತ ಹೇಳಿದಳು, ತಾಯಿ ಹಡಗು ಹತ್ತುವುದಿಲ್ಲ ಅಂತ ತೆಂಗಿನ ಮರ ಹಿಡಿದು ನಿಂತದ್ದನ್ನು ಹೇಳಿದಳು. "ನಾ ಆಕೀನ ಬಿಟ್ಟು ಮೊದಲಿನ ಹಡಗು ಹತ್ತಿದೆ. ಹಿಂದಿಂದ ಬರ್ತಾಳ ಅಂದ್ಕೊಂಡಿದ್ದೆ. ಆಕಿ ಕಣ್ಣು ಹೋಗೂದರೊಳಗ ನನ್ನ ಮಾರಿ ಒಮ್ಮೆ ನೋಡಬೇಕು. ಅಷ್ಟ ರೀ ನಂದು."

ಗೋದಾಮಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದವರ ಕೈ ನಿಂತಿತ್ತು. ಅಷ್ಟರಲ್ಲಿ ಅವಳ ಸಂಖ್ಯೆ ಫಲಕದ ಮೇಲೆ ಬಂತು.

ಬಂತು, ಮತ್ತು ಅಲ್ಲೇ ನಿಂತಿತು. ಒಂಬತ್ತು ವರ್ಷ ಅಲ್ಲಿಂದಿಲ್ಲಿಗೆ ಓಡಾಡಿದ ದಪ್ಪ ಫೈಲು ಅದು, ಓದಲು ಹೊತ್ತು ಬೇಕು. ಷಫೀಗಾ ಅದನ್ನು ನೋಡಿದವಳೇ ಮೂಕಳಾದಳು. ಮೈಕು ಕೈಯಲ್ಲಿತ್ತು, ಮಾತಿರಲಿಲ್ಲ. ಇಡೀ ಸಭೆ ಫಲಕ ನೋಡುತ್ತಿತ್ತು. ಬೆಳಗಿನಿಂದ ಮೊದಲ ಸಲ ಗೋದಾಮು ಸ್ತಬ್ಧವಾಯಿತು. ಯಂತ್ರದ ದೀಪ ಕೆಂಪಿನಿಂದ ಹಳದಿಗೆ ತಿರುಗತೊಡಗಿತು. ಅಧಿಕಾರ ಬಿಡುವ ಗುರುತು ಅದು. ಕಡೆಯ ಸಾಲಿನಲ್ಲಿ ಫಕೀರಪ್ಪ, ತನ್ನ ಸರದಿ ಬಂತೆಂದು, ಚೀಟಿ ಬಿಡಿಸಿಕೊಂಡು ಎದ್ದ.

ಚಂಪವ್ವ ಅವನ ಅಂಗಿ ಹಿಡಿದು ಕೂರಿಸಿ, ಜನರನ್ನು ತಳ್ಳಿಕೊಂಡು ಬಂದು ಮೈಕಿಗೆ ಬಾಯಿ ಹಚ್ಚಿದಳು.

"ಏನಪಾ, ಎಲ್ಲಿ ಹೊಂಟಿ? ಕುಂದರು," ಅಂದಳು. "ನಾ ಇನ್ನೂ ಮಾತಾಡಿಲ್ಲ. ಈ ಹುಡುಗಿ ಬಂದ ಹೊಸದಾಗಿ ರೊಟ್ಟಿ ಬಡಿದ್ರ ಹಂಚಿನಕಿಂತ ದಪ್ಪ ಇರ್ತಿತ್ತು. ನಾ ಬೈದೆ. ಈಗ ನನಗಿಂತ ತೆಳ್ಳಗ ಬಡೀತಾಳ, ಅದಕ್ಕೂ ಬೈತೀನಿ. ನನ್ನ ಮೊಣಕಾಲು ನೋಯ್ತಾವಂತ ಹೇಳದೇನ ಎಣ್ಣಿ ಕಾಸಿ ತರ್ತಾಳ. ಮೆಟ್ಟಲದಾಗ ಕುಂತು ಅಳ್ತಾಳ, ನನಗ ಕೇಳ್ಸೂದಿಲ್ಲಂತ ತಿಳಿದಾಳ. ನೀ ಊಹೂಂ ಅಂದ್ರ ಈಕಿ ಹೋಗ್ತಾಳ. ಹೋಗಲಿ, ಆಕಿ ಅವ್ವನ ಕಡೆ ಹೋಗ್ತಾಳ, ನಾ ಅಡ್ಡ ಬರೂದಿಲ್ಲ. ಆದ್ರ ನಾ ಮುದುಕಿ ಏನ್ ಮಾಡ್ಲಿ? ಅದನ್ನ ಯಾರರೆ ಕೇಳ್ಯಾರೇನು ನಿನ್ನ ಕೋರ್ಟಿನಾಗ?" ಅವಳ ದನಿ ಒಡೆಯಿತು. ಆದರೂ ಬಿಡಲಿಲ್ಲ, ಬದನೆಕಾಯಿ ರೇಟಿಗೆ ಹೋದಳು, ಕಾರ್ಪೊರೇಶನ್ನಿನ ನೀರಿಗೆ ಹೋದಳು, ಹುರಕಡ್ಲಿಯವರ ಹೆಂಡತಿಯ ತವರಿಗೂ ಹೋಗಿ ಬಂದಳು.

ದೀಪ ಮತ್ತೆ ಕೆಂಪಾಯಿತು. ಫಲಕದ ಮೇಲೆ ಸಾಲು ಮೂಡಿತು. ಷಫೀಗಾಳ ಹೆಸರು. ದಾಖಲೆ ಪರಿಶೀಲಿಸಲಾಯಿತು. ಅರ್ಜಿ ಮಂಜೂರು.

ಚಂಪವ್ವನ ಮಾತನ್ನು ಯಂತ್ರ ಲೆಕ್ಕಕ್ಕೆ ತಗೊಂಡಿತೋ ಬಿಟ್ಟಿತೋ ಇಂದುಮತಿಗೂ ಗೊತ್ತಿಲ್ಲ. ಚಂಪವ್ವ ಮಾತ್ರ ತನ್ನಿಂದಲೇ ಆಯಿತು ಅನ್ನುತ್ತಾಳೆ. ಆ ಕ್ಷಣಕ್ಕೆ ಅವಳಿಗೆ ಫಲಕ ಓದಲು ಪುರುಸೊತ್ತಿರಲಿಲ್ಲ. ಮೈಕು ಹಿಡಿದವಳು ಹಿಡಿದಂತೆ, ಉಳಿದ ಕಡೆಯ ಅರ್ಜಿ ತೀರುವವರೆಗೂ ಮಾತಾಡಿದಳು. ಆಮೇಲೆ ಫಕೀರಪ್ಪ ಬಂದು ಎಲ್ಲರಿಗೂ ವಂದನೆ ಅರ್ಪಿಸಿದ. ದೀಪ ಆರಿತು.

ಅಂಗಳದಲ್ಲಿ ಷಫೀಗಾ ತಾಯಿಗೆ ಫೋನು ಹಚ್ಚಿದಳು. ಇಂದುಮತಿ, ಚಂಪವ್ವ ಎರಡೂ ಬದಿ ನಿಂತರು. ಪರದೆಯ ಮೇಲೆ ಒಂದು ಕಣ್ಣು, ಅರ್ಧ ಹಣೆ ಮಾತ್ರ ಕಂಡವು. ಮುದುಕಿ ತಾಯಿ ಫೋನನ್ನು ಅಷ್ಟು ಹತ್ತಿರ ಹಿಡಿದಿದ್ದಳು. ಷಫೀಗಾ ತಮ್ಮ ಭಾಷೆಯಲ್ಲಿ ಎರಡು ಮಾತು ಹೇಳಿ ಅಳತೊಡಗಿದಳು. ಆ ಕಡೆಯಿಂದ ಮುದುಕಿ ಏನೋ ಕೇಳಿದಳು. ಮತ್ತೊಮ್ಮೆ ಕೇಳಿದಳು.

"ಏನಂತಾಳ?" ಅಂದಳು ಚಂಪವ್ವ.

"ಯಾವ ತಾರೀಖಿಗೆ ಬರಬೇಕಂತ ಕೇಳ್ತಾಳ."

"ಇವತ್ತ ಹೊಂಡು ಅನ್ನು."

ಷಫೀಗಾ ಅಳುತ್ತಲೇ ಅದನ್ನು ಹೇಳಿದಳು. ಪರದೆಯ ಮೇಲಿದ್ದ ಕಣ್ಣು ಮಾಯವಾಯಿತು. ತಗಡಿನ ಮಾಡು ಕಂಡಿತು, ಆಮೇಲೆ ಪೆಟ್ಟಿಗೆ ಎಳೆಯುವ ಸದ್ದು, ಏನೋ ಕೆಳಗೆ ಬಿದ್ದ ಸದ್ದು, ಯಾರನ್ನೋ ಕೂಗಿ ಕರೆಯುವ ಮುದುಕಿಯ ದನಿ. ಮೂವರೂ ಬಹಳ ಹೊತ್ತು ಆ ತಗಡನ್ನೇ ನೋಡುತ್ತ ನಿಂತರು. ಫೋನು ಇಡುವುದನ್ನೂ ಮರೆತು ಆಕೆ ಬಟ್ಟೆ ಕಟ್ಟಲು ಹೋಗಿದ್ದಳು.